ಎಡಗಡೆಯ ಕಂಬಿ

ನಮ್ಮ ಅಕ್ಕಿ ಮಿಲ್ಲಿನಲ್ಲಿ ಯಾರ ದನಿ ಬೇಕು ಹೇಳಿ, ತೆಗೆದು ಕೊಡುತ್ತೇನೆ. ಮೂಗಿನಲ್ಲಿ ಶುರುವಾಗಿ ಹೊಟ್ಟೆಯಲ್ಲಿ ಮುಗಿಯುವ ಯಜಮಾನರ ‘ಏನಯ್ಯಾ’ ಬೇಕೋ, ಎಲೆಯಡಿಕೆಯನ್ನು ಒಂದು ಕೆನ್ನೆಗೆ ತಳ್ಳಿ ಇನ್ನೊಂದು ಕೆನ್ನೆಯಿಂದ ಬೈಯುವ ಚಿಕ್ಕತಾಯಮ್ಮಕ್ಕ ಬೇಕೋ, ಬೆಲ್ಟು ಕಿತ್ತುಹೋಗುವ ಮುಂಚೆ ಭತ್ತ ಮೇಲೆತ್ತುವ ಎಲಿವೇಟರು ನರಳುವ ಸದ್ದು ಬೇಕೋ, ಎಲ್ಲ ನನ್ನ ಗಂಟಲಲ್ಲಿದೆ. ಕೆ.ಆರ್. ನಗರದಿಂದ ಪಿರಿಯಾಪಟ್ಟಣದವರೆಗೆ ಗಣಪತಿ ಕೂರಿಸಿದ ಕಡೆಯೆಲ್ಲ ಮೈಕು ಹಿಡಿದಿದ್ದೇನೆ. ಒಂದೆರಡು ಕಡೆ ಮೈಕು ಕಿತ್ತುಕೊಂಡೂ ಕಳಿಸಿದ್ದಾರೆ. ನನ್ನ ಸ್ವಂತ ದನಿ ಹೇಗಿದೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಹೆಣ್ಣು ನೋಡಲು ಹೋದ ಮನೆಯಲ್ಲಿ ‘ಹುಡುಗ ಒಂದೆರಡು ಮಾತಾಡಲಿ’ ಎಂದರು. ಯಾರ ಹಾಗೆ ಮಾತಾಡಬೇಕೆಂದು ತಿಳಿಯದೆ ಕಾಫಿ ಕುಡಿದು ಎದ್ದು ಬಂದೆ.

ಇಂಥ ನನಗೆ ಮೊನ್ನೆ ಎನ್. ಬೇಗೂರಿನಿಂದ ಫೋನು ಬಂತು. ‘ನಿಮ್ ಮಾವ ಓಗ್ಬುಟ್ರು ಕಣಪ್ಪ, ಒತ್ತಾರೆಲೇ’ ಎಂದರು ಅವರ ಹೆಂಡತಿ. ಚೀಲದ ಬಾಯಿ ಹೊಲಿಯುವ ಮಷೀನು ನನ್ನ ಕೈಯಲ್ಲಿ ಓಡುತ್ತಲೇ ಇತ್ತು. ಆ ಚೀಲದ ಹೊಲಿಗೆ ಸೊಟ್ಟಗೆ ಬಿತ್ತು. ಬಿಚ್ಚಿ ಮತ್ತೆ ಹೊಲಿದೆ. ಅದೂ ಸೊಟ್ಟಗೇ ಬಿತ್ತು.

ಮಾವ ಎಂದರೆ ನೆಂಟಸ್ತಿಕೆಯಲ್ಲ. ಸಾಲಿಗ್ರಾಮದ ಹತ್ತಿರದ ನಮ್ಮ ಮಿಲ್ಲಿಗೆ ಅವರು ಮೇಸ್ತ್ರಿ. ಮೂಟೆ ಹೊರುವವರನ್ನು, ಗುಡಿಸುವವರನ್ನು, ನನ್ನಂಥ ಯಾವುದಕ್ಕೂ ಬಾರದವರನ್ನು ನೋಡಿಕೊಳ್ಳುವ ಕೆಲಸ. ನನ್ನನ್ನು ಮೊದಲು ಸೇರಿಸಿಕೊಂಡದ್ದು ಮೂಟೆ ಹೊರುವುದಕ್ಕೆ. ಬೆನ್ನಿಗೆ ಒಂದು ಮೂಟೆ ಇಟ್ಟು ನೋಡಿದವರೇ, ‘ಲೇ, ಮೂಟೆನೇ ನಿನ್ನ ಒತ್ಕಂಡ್ ಓಯ್ತದೆ ಕಣ್ಲಾ, ಇಳಿಸು’ ಎಂದು ಹೊಲಿಯುವ ಮಷೀನಿನ ಮುಂದೆ ಕೂರಿಸಿದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗಿ ನೋಡುವ ಅಭ್ಯಾಸವೇ ಅವರಿಗೆ ತಪ್ಪಿಹೋಗಿತ್ತು. ಇಡೀ ಮಿಲ್ಲಿಗೆ ಅವರು ಉಸಾರಪ್ಪ. ದಿನಕ್ಕೆ ಎಷ್ಟು ಸಲ ಅವರು ‘ಉಸಾರೂ, ಕಾಲ್ ಕೆಳಗ್ ನೋಡ್ಕಳಿ’ ಎಂದು ಕೂಗುತ್ತಿದ್ದರೋ, ಹೆಸರು ತಾನೇ ಬಂದು ಅಂಟಿಕೊಂಡಿತ್ತು.

ಆಳು ಎತ್ತರ, ಕತ್ತು ಮಾತ್ರ ಬಗ್ಗಿದ್ದು. ಸದಾ ನೆಲ ನೋಡಿ ನೋಡಿ ಹಾಗಾಗಿತ್ತು. ಎದುರಿಗೆ ಬಂದವರ ಮುಖ ನೋಡುವ ಮುಂಚೆ ಪಾದ ನೋಡುತ್ತಿದ್ದರು. ‘ನಿಮ್ಮ ತಂಗೀನ ಕೊಡ್ತೀರಾ ಅಂತ ಯಾರಾದ್ರೂ ಬಂದ್ರೂ ಮಾವ ಕಾಲೊರೆಸ್ಕಂಡ್ ಬಾ ಅಂತಾರೆ’ ಎಂದು ನಾನು ಚುಡಾಯಿಸುತ್ತಿದ್ದೆ. ವಯಸ್ಸಿನಲ್ಲಿ ಗಡಿ ದಾಟಿ ಕೇರಳದಲ್ಲಿ ಶುಂಠಿ ಹೊಲದಲ್ಲೂ ಕಟ್ಟಡದ ಕೆಲಸದಲ್ಲೂ ದುಡಿದಿದ್ದರಿಂದ ಬಾಯಲ್ಲಿ ಒಂದು ‘ಶೆರಿ’ ಉಳಿದುಕೊಂಡಿತ್ತು. ನಾವು ‘ಸರಿ’ ಎನ್ನುವ ಕಡೆಯೆಲ್ಲ ಅವರಿಗೆ ‘ಶೆರಿ’. ಕೋಪಕ್ಕೂ ಅದೇ, ಸಮಾಧಾನಕ್ಕೂ ಅದೇ.

ಮಿಲ್ಲಿನ ನೆಲ ನೋಡಿದವರಿಗೆ ಅವರ ಹುಚ್ಚು ಅರ್ಥವಾಗುತ್ತದೆ. ಅಕ್ಕಿಗೆ ಪಾಲಿಷ್ ಮಾಡಿದಾಗ ಉದುರುವ ತೌಡು ಮುಟ್ಟಿದರೆ ಹಿಟ್ಟಿನಂತಿರುತ್ತದೆ, ತುಳಿದರೆ ಎಣ್ಣೆ. ಬಾಯ್ಲರಿನ ಕಡೆಯಿಂದ ಭತ್ತ ಬೇಯಿಸಿದ ನೀರು ಹರಿದು ಬಂದು ಅದಕ್ಕೆ ಸೇರಿಬಿಟ್ಟರೆ ಮುಗಿಯಿತು. ಇದರ ಮೇಲೆ ಬರಿಗಾಲು. ಮಿಲ್ಲಿನೊಳಗೆ ಅಕ್ಕಿಯಿದೆ, ಅಕ್ಕಿಯೆಂದರೆ ಲಕ್ಷ್ಮಿ, ಹಾಗಾಗಿ ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ಎಲ್ಲರೂ ಭಕ್ತಿಯಿಂದ ಬಾಗಿಲಲ್ಲೇ ಬಿಡುತ್ತಾರೆ, ಸರಿಯಾಗಿ ಬಾಗಿಲ ನಡುವೆ. ಮೂಟೆ ಹೊತ್ತವನಿಗೆ ಕೆಳಗೆ ಕಾಣುವುದಿಲ್ಲ. ಬೆಳಗ್ಗೆ ಎದ್ದರೆ ಮಾವನ ಮೊದಲ ಕೆಲಸ ಆ ಚಪ್ಪಲಿ ರಾಶಿಯನ್ನು ಕಾಲಿನಿಂದ ಗೋಡೆಬದಿಗೆ ತಳ್ಳುವುದು. ಮಧ್ಯಾಹ್ನದ ಹೊತ್ತಿಗೆ ಅದು ಮತ್ತೆ ನಡುವೆ ಬಂದಿರುತ್ತಿತ್ತು. ‘ಇವಕ್ಕೆ ಕಾಲ್ ಅವೆ ಕಣ್ಲಾ’ ಎನ್ನುತ್ತಿದ್ದರು.

ಅವರಲ್ಲಿ ಒಂದು ವಿಚಿತ್ರವಿತ್ತು. ಮಿಲ್ಲೆಂದ ಮೇಲೆ ಮೂಟೆ ಬೀಳುತ್ತದೆ. ಪೇರಿಸಿಟ್ಟ ಅಟ್ಟಿಯಿಂದ ಜಾರುತ್ತದೆ, ಲಾರಿಯಿಂದ ಉರುಳುತ್ತದೆ. ದೊಪ್ಪೆಂದು ನೆಲ ಅದುರಿದಾಗ ಯಜಮಾನರು ಆಫೀಸಿನಿಂದಲೇ ‘ಏನದು?’ ಎಂದು ಕೇಳುತ್ತಿದ್ದರು. ಲಾರಿ ಡ್ರೈವರು ‘ಏನಾಯ್ತ್ರೀ?’ ಎನ್ನುತ್ತಿದ್ದ. ಮಾವ ಮಾತ್ರ ಎಲ್ಲಿದ್ದರೂ, ಬಾಯಲ್ಲಿ ಮುದ್ದೆ ಇದ್ದರೂ, ‘ಯಾರೂ?’ ಎಂದು ಕೂಗುತ್ತಿದ್ದರು.

‘ಯಾರೂ ಇಲ್ಲ ಕಣಣ್ಣಯ್ಯೋ, ಮೂಟೆ!’ ಎಂದು ಗುಡಿಸುವ ಚಿಕ್ಕತಾಯಮ್ಮಕ್ಕ ಎಲ್ಲಿಂದಲೋ ಉತ್ತರ ಕೊಡುತ್ತಿದ್ದಳು.

‘ಶೆರಿ’ ಎಂದು ಅವರು ಉಸಿರು ಬಿಡುತ್ತಿದ್ದರು. ಆಮೇಲೆ ಕೆಲಸ ಮುಂದುವರಿಯುತ್ತಿತ್ತು.

ಯಾಕೆ ಮಾವ ಹೀಗೆ, ನಿಮ್ಮ ಕಡೆಯವರು ಯಾರಾದರೂ ಬಿದ್ದು ಸತ್ತಿದ್ದಾರಾ ಎಂದು ಒಮ್ಮೆ ಕೇಳಿದೆ. ಒಂದು ಒಳ್ಳೆಯ ಕಥೆ ಸಿಕ್ಕರೆ ಗಣಪತಿ ಪ್ರೋಗ್ರಾಮಿಗೆ ಆಗುತ್ತದೆ ಎಂಬ ಆಸೆ ನನ್ನದು. ಅವರು ಬೀಡಿ ಆರಿಸಿ, ಆರಿದೆಯೇ ಎಂದು ಎರಡು ಸಲ ನೋಡಿ, ಹೇಳಿದರು.

‘ಯಾರೂ ಸತ್ತಿಲ್ಲ ಬುಡು. ಮನ್ಸ ಬಿದ್ರೂ ಮೂಟೆ ಬಿದ್ದಂಗೇ ಸದ್ದಾಯ್ತದೆ ಕಣ್ಲಾ. ಕಿವೀಲಿ ಕೇಳಿದ್ರೆ ಗೊತ್ತೇ ಆಗಕ್ಕಿಲ್ಲ, ಯಾವ್ದು ಅಂತ. ಅದು ನಂಗೆ ಶೆರಿ ಬರಕ್ಕಿಲ್ಲ.’

ಅಷ್ಟೇ. ನನ್ನ ಪ್ರೋಗ್ರಾಮಿಗೆ ಆಗುವ ಕಥೆಯಲ್ಲ.

ಇದನ್ನು ಓದಿ ಅವರೇನೋ ಭಾರಿ ತಿಳಿದವರು ಎಂದುಕೊಳ್ಳಬೇಡಿ. ಅವರ ಅರ್ಧ ಉಪಾಯಗಳು ತಲೆಕೆಳಗಾಗುತ್ತಿದ್ದವು. ಭತ್ತ ಸುರಿಯುವ ಗುಂಡಿಯ ಹತ್ತಿರ ಯಾರೂ ಹೋಗಬಾರದೆಂದು ಒಮ್ಮೆ ಮೊಣಕಾಲೆತ್ತರಕ್ಕೆ ಹಗ್ಗ ಕಟ್ಟಿದರು. ಮಾರನೆಯ ದಿನ ಆ ಹಗ್ಗವನ್ನು ಎಡವಿ ಮಕಾಡೆ ಬಿದ್ದವನು ನಾನೇ. ಹಲ್ಲಿನ ತುದಿ ಮುರಿಯಿತು. ಈಗಲೂ ನಾನು ‘ಸ’ ಎಂದರೆ ಸ್ವಲ್ಪ ಗಾಳಿ ಬರುವುದು ಅಲ್ಲಿಂದಲೇ. ನನ್ನನ್ನು ಎತ್ತಿ ಕೂರಿಸಿ, ಬಾಯಿ ತೊಳೆಸಿ, ‘ಹಗ್ಗ ಯಾಕ್ ಕಟ್ದೆ ನಾನು, ಥೂ’ ಎಂದು ಹಗ್ಗ ಬಿಚ್ಚುತ್ತ ನನಗಿಂತ ಜಾಸ್ತಿ ನರಳಿದರು. ತೌಡಿನ ಮೇಲೆ ಜಾರುತ್ತದೆಂದು ಇನ್ನೊಮ್ಮೆ ಗೋಣಿತಾಟು ಹಾಸಿದರು. ತಾಟೇ ಜಾರಿ ಒಬ್ಬ ಕೂಲಿಯವನು ಅದರ ಮೇಲೆ ಕೂತಂತೆಯೇ ಬಾಗಿಲವರೆಗೆ ಹೋದ. ಅವನಿಗೆ ಖುಷಿಯಾಯಿತು, ಮತ್ತೊಂದು ಸಲ ಹೋಗುತ್ತೇನೆಂದ.

ಹುಚ್ಚು ಮಿಲ್ಲಿಗಷ್ಟೇ ನಿಲ್ಲಲಿಲ್ಲ. ಊರಿಗೆ ಹೋಗುವಾಗ ಬಸ್ಸಿನ ಬಾಗಿಲಲ್ಲಿ ನಿಂತು, ಇಳಿಯುವವರಿಗೆಲ್ಲ ‘ನಿಂತ್ಮ್ಯಾಲೆ ಇಳೀರವ್ವ, ಉಸಾರು’ ಎನ್ನುತ್ತಿದ್ದರಂತೆ. ಹುಣಸೂರು ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಸಿಟ್ಟಿಗೆದ್ದು ‘ಇಲ್ಲಿ ಕಂಡಕ್ಟ್ರು ನಾನಾ ನೀನಾ?’ ಎಂದು ಕೇಳಿದ. ‘ಟಿಕೀಟಿಗೆ ನೀವು, ಕಾಲಿಗೆ ನಾನು’ ಎಂದರಂತೆ ಮಾವ. ಹ್ಯಾಂಡ್‌ಪೋಸ್ಟ್ ಬರುವವರೆಗೂ ಬಾಗಿಲು ಬಿಡಲಿಲ್ಲವಂತೆ. ಪಿರಿಯಾಪಟ್ಟಣದಲ್ಲಿ ನಮ್ಮ ಕೂಲಿಯವನೊಬ್ಬನ ಮದುವೆ. ಮಾವ ಊಟಕ್ಕೇ ಕೂರದೆ ಛತ್ರದ ಕೈತೊಳೆಯುವ ಜಾಗದಲ್ಲಿ ನಿಂತು, ನೀರು ಚೆಲ್ಲಿದಂತೆಲ್ಲ ಗೋಣಿಯಿಂದ ಒತ್ತುತ್ತಿದ್ದರು. ಹೆಣ್ಣಿನ ಕಡೆಯ ದೊಡ್ಡ ಮನುಷ್ಯರೊಬ್ಬರು ಛತ್ರದ ಆಳೆಂದು ತಿಳಿದು ‘ಎಲೆ ಎತ್ತೋದ್ ಬುಟ್ಟು ಇಲ್ಲೇನಯ್ಯಾ?’ ಎಂದು ಗದರಿದರು. ಇವರು ‘ಶೆರಿ’ ಎಂದು ಹೋಗಿ ಎಲೆಯನ್ನೂ ಎತ್ತಿ ಬಂದರು.

ಇಂಥ ಸರಕು ಸಿಕ್ಕ ಮೇಲೆ ನನ್ನ ಬಾಯಿ ಸುಮ್ಮನಿರುತ್ತದೆಯೇ? ಒಂದು ದಿನ ಊಟದ ಹೊತ್ತಿನಲ್ಲಿ ಕತ್ತು ಬಗ್ಗಿಸಿ, ಅವರ ದನಿ ತೆಗೆದು, ‘ಉಸಾರೂ, ಅನ್ನ ಜಾರ್ತದೆ, ಗಂಟ್ಲಲ್ಲಿ ಕಂಬಿ ಇಡ್ಕಳಿ’ ಎಂದೆ. ಎಲ್ಲರೂ ನಗುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿದರು. ಹಿಂದೆ ಮಾವ ನಿಂತಿದ್ದರು. ಕೆನ್ನೆಗೆ ಬಿತ್ತೆಂದೇ ಕಣ್ಣು ಮುಚ್ಚಿದೆ.

‘ಇನ್ನೊಂದ್ಸಲ ಏಳು.’

ಹೇಳಿದೆ.

‘ಉಸಾರು ಅನ್ನೋದ್ನ ಇನ್ನೊಸಿ ಎಳೀಬೇಕು. ಬಾಯ್ಲರ್ ತಾವ್ಕೂ ಕೇಳಬ್ಯಾಡ್ವಾ? ನಾನ್ ಊಟಕ್ಕೋದಾಗ ನೀನೇ ಕೂಗ್ಲಾ ಕೋತಿ. ಜನ ನಾನೇ ಅನ್ಕತಾರೆ.’

ಹೀಗೆ ನಾನು ಅವರ ಬದಲಿ ಆಳಾದೆ. ಅವರು ಇಲ್ಲದ ಹೊತ್ತಿನಲ್ಲಿ ಹೊಲಿಗೆ ಮಷೀನಿನ ಹಿಂದಿನಿಂದ ‘ಉಸಾರೂ’ ಎಂದು ಎಳೆದರೆ ಮೂಟೆ ಹೊತ್ತವರು ಕಾಲ ಕೆಳಗೆ ನೋಡುತ್ತಿದ್ದರು. ನನ್ನ ಮಿಮಿಕ್ರಿಯಿಂದ ಯಾರಿಗಾದರೂ ಉಪಯೋಗವಾದದ್ದು ಅದೊಂದೇ ಕಾಲ.

ಈಗ ಮೆಟ್ಟಿಲಿನ ಮಾತು. ಮಿಲ್ಲಿನ ಮೇಲಂತಸ್ತಿಗೆ ಹೋಗುವ ಕಬ್ಬಿಣದ ಮೆಟ್ಟಿಲು ಕಡಿದಾದದ್ದು, ಅಂಗಳದ ನಡುವೆ ಏಣಿಯ ಹಾಗೆ ನಿಂತಿದೆ. ಖಾಲಿ ಚೀಲದ ಕಟ್ಟುಗಳು ಮೇಲೆ ಹೋಗುವುದು ಅದರಲ್ಲೇ, ಚಿಕ್ಕತಾಯಮ್ಮಕ್ಕ ತೌಡು ಗುಡಿಸಲು ಹತ್ತಿಳಿಯುವುದೂ ಅದರಲ್ಲೇ. ಮೊದಲು ಎರಡು ಕಡೆಯೂ ಹಿಡಿದುಕೊಳ್ಳಲು ಕಂಬಿಯಿತ್ತು. ಹೊಸ ಪಾಲಿಷ್ ಮಷೀನು ಮೇಲೇರಿಸುವಾಗ ಅಡ್ಡವಾಗುತ್ತದೆಂದು ಎರಡನ್ನೂ ಕತ್ತರಿಸಿ ತೆಗೆದರು. ಮಷೀನು ಕೂತಿತು, ಪೂಜೆಯಾಯಿತು, ಸಿಹಿ ಹಂಚಿದರು. ಕಂಬಿಗಳನ್ನು ಮಿಲ್ಲಿನ ಹಿಂದಿನ ಗೋಡೆಗೆ ಒರಗಿಸಿ ಇಟ್ಟರು. ಮೆಟ್ಟಿಲಿನ ಪಕ್ಕದಲ್ಲಿ ಗೇಣುದ್ದದ ಮೋಟು ಕಂಬಗಳಷ್ಟೇ ಉಳಿದವು.

‘ಯಜಮಾನ್ರೇ, ಮೆಟ್ಲಿಗೆ ಕಂಬಿ’ ಎಂದು ಮಾವ ಕೇಳುತ್ತಿದ್ದರು.

‘ಆಕ್ಸಾಣ ಬುಡಯ್ಯ, ಸುಗ್ಗಿ ಕಳೀಲಿ.’

ಸುಗ್ಗಿ ಕಳೆದರೆ ‘ಮಳೆ ನಿಲ್ಲಲಿ’. ಮಳೆ ನಿಂತರೆ ‘ವೆಲ್ಡಿಂಗ್‌ನೋನು ಸಿಕ್ತಿಲ್ಲ ಕಣಯ್ಯ’. ಯಜಮಾನರು ಕೆಟ್ಟವರಲ್ಲ. ಕಷ್ಟವಿರುವುದೇ ಅಲ್ಲಿ. ಕೆಟ್ಟವರಾಗಿದ್ದರೆ ಜಗಳವಾದರೂ ಆಡಬಹುದಿತ್ತು. ನಮ್ಮ ಮನೆಗಳ ಮದುವೆಗೆ ಅಕ್ಕಿ ಕಳಿಸುತ್ತಾರೆ, ಹೆರಿಗೆಗೆ ಕಾರು ಕೊಡುತ್ತಾರೆ. ಕಂಬಿಯೊಂದು ಮಾತ್ರ ಅವರ ಕಣ್ಣಿಗೆ ಬೀಳುತ್ತಿರಲಿಲ್ಲ, ಯಾಕೆಂದರೆ ಅವರು ಮೇಲೆ ಹೋಗುವುದು ವರ್ಷಕ್ಕೊಂದು ಸಲ, ಪೂಜೆಗೆ.

ಕೊನೆಗೆ ಮಾವ ಚೌಕಾಸಿಗೆ ಇಳಿದರು. ‘ಒಂದೇ ಕಡೀಕ್ ಆಕ್ಸಿ ಸಾಕು. ಹತ್ತೋವಾಗ ಎಡಗಡೀಕೆ. ಚೀಲದ ಕಟ್ಟು ಬಲಗಡೆ ಹೆಗಲ ಮ್ಯಾಲಿರ್ತದೆ, ಬಲಗೈ ಅದ್ನ ಇಡ್ಕಂಡಿರ್ತದೆ. ಎಡಗೈ ಒಂದು ಖಾಲಿ.’

‘ನೋಡಾಣ’ ಎಂದರು ಯಜಮಾನರು.

ಹಾಗೆ ನೋಡುತ್ತಿರುವಾಗಲೇ ಚಿಕ್ಕತಾಯಮ್ಮಕ್ಕ ಅಲ್ಲಿಂದ ಜಾರಿದಳು. ದೊಪ್ಪೆಂದು ಸದ್ದಾಯಿತು. ‘ಯಾರೂ?’ ಎಂದು ಮಾವ ಕೂಗಿದರು. ಉತ್ತರ ಕೊಡಬೇಕಾದವಳೇ ಕೆಳಗೆ ಬಿದ್ದಿದ್ದಳು. ‘ನಾನೇ ಕಣಣ್ಣಯ್ಯೋ’ ಎಂದಳು. ಮಣಿಕಟ್ಟು ಮುರಿದಿತ್ತು. ಯಜಮಾನರು ತಮ್ಮ ಕಾರಿನಲ್ಲೇ ಕೆ.ಆರ್. ನಗರಕ್ಕೆ ಕರೆದುಕೊಂಡು ಹೋಗಿ ಕಟ್ಟು ಹಾಕಿಸಿದರು. ವಾಪಸು ಬರುವಾಗ ಒಂದು ದೊಡ್ಡ ಬೂದುಗುಂಬಳಕಾಯಿ ತಂದರು.

‘ಮಿಲ್ಲಿಗೆ ಯಾರದೋ ದೃಷ್ಟಿ ಬಿದ್ದದೆ ಕಣ್ರಯ್ಯಾ.’

ಕುಂಬಳಕಾಯಿಗೆ ಕುಂಕುಮ ತುಂಬಿ, ಕರ್ಪೂರ ಹಚ್ಚಿ, ಇಳೆ ತೆಗೆದು, ಮಿಲ್ಲಿನ ಬಾಗಿಲಲ್ಲಿ ಪಟಾರೆಂದು ಒಡೆದರು. ಆಮೇಲಿಂದ ಅದೇ ರೂಢಿಯಾಯಿತು. ಯಾರಾದರೂ ಎಡವಿದರೆ ಕುಂಬಳಕಾಯಿ, ಜಾರಿದರೆ ಕುಂಬಳಕಾಯಿ, ಹಿಂದಿನ ದಿನ ಒಡೆದ ಕುಂಬಳಕಾಯಿಯ ಮೇಲೆ ಜಾರಿದರೂ ಕುಂಬಳಕಾಯಿ. ಒಡೆದ ಚೂರುಗಳನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದವನಿಗೆ ಆ ದೃಷ್ಟಿಯೆಲ್ಲ ಹತ್ತಿಕೊಳ್ಳುತ್ತದೆ. ಹಾಗಾಗಿ ಬೆಳ್ಳನೆಯ ತಿರುಳು ಕೆಂಪು ನೀರಿನಲ್ಲಿ ಬಾಗಿಲ ತುಂಬ ಹರಡಿಕೊಂಡು ಹಾಗೇ ಬಿದ್ದಿರುತ್ತಿತ್ತು. ಮೂಟೆ ಹೊತ್ತವರು ಬರಿಗಾಲಿನಲ್ಲಿ ಅದನ್ನು ದಾಟಬೇಕು.

ಅದನ್ನು ಬಳಿದು ತೆಗೆಯುತ್ತಿದ್ದವರು ಮಾವ ಒಬ್ಬರೇ. ತಗಡಿನ ಚೂರಿನಲ್ಲಿ ಕೆರೆದು, ನೀರು ಹಾಕಿ, ಹೊಟ್ಟು ಚೆಲ್ಲಿ ಒರೆಸಿ, ಚೂರುಗಳನ್ನು ಮಿಲ್ಲಿನ ಹಿಂದೆ ಎಸೆದು ಬರುತ್ತಿದ್ದರು.

‘ಬ್ಯಾಡ ಕಣಣ್ಣಯ್ಯ, ನಮ್ದನ್ನೆಲ್ಲ ಯಾಕ್ ತಲೆ ಮ್ಯಾಲೆ ಆಕ್ಕತೀಯ?’ ಎಂದು ಚಿಕ್ಕತಾಯಮ್ಮಕ್ಕ ಕಟ್ಟು ಹಾಕಿದ ಕೈ ಎತ್ತಿಕೊಂಡು ಗದರುತ್ತಿದ್ದಳು.

‘ದೃಷ್ಟಿ ಆದ್ರೆ ಆಗ್ಲಿ ಬುಡವ್ವ. ಇದ್ರ ಮ್ಯಾಲೆ ಕಾಲಿಟ್ರೆ ಸೊಂಟ ಓಯ್ತದೆ.’

ಎಸೆದ ಚೂರುಗಳ ಬೀಜ ಮಳೆಗೆ ಮೊಳೆಯಿತು. ಬಳ್ಳಿ ಹಬ್ಬಲು ಏನಾದರೂ ಬೇಕಲ್ಲ, ಗೋಡೆಗೆ ಒರಗಿಸಿಟ್ಟಿದ್ದ ಕಂಬಿಗಳು ಸಿಕ್ಕವು. ನಮ್ಮ ಮೆಟ್ಟಿಲಿನ ಕಂಬಿ ಹಿಡಿದುಕೊಂಡು ಕುಂಬಳದ ಬಳ್ಳಿ ಜೋಪಾನವಾಗಿ ಮೇಲೇರಿ ಕಾಯಿ ಬಿಟ್ಟಿತು. ಒಡೆಯಲು ಕಾಯಿಯನ್ನು ಅಂಗಡಿಯಿಂದ ತರುವ ತಾಪತ್ರಯವೂ ಯಜಮಾನರಿಗೆ ತಪ್ಪಿತು. ‘ನೋಡ್ಲಾ’ ಎಂದರು ಮಾವ ಒಂದು ಸಂಜೆ ನನ್ನನ್ನು ಹಿಂದಕ್ಕೆ ಕರೆದುಕೊಂಡು ಹೋಗಿ. ‘ಕಂಬಿ ಇದ್ರೆ ಬಳ್ಳಿನೂ ಬೀಳಕ್ಕಿಲ್ಲ.’ ನಗುತ್ತಿದ್ದಾರೆಂದುಕೊಂಡೆ. ಬಗ್ಗಿದ ಕತ್ತು, ಮುಖ ಕಾಣಲಿಲ್ಲ.

ಕಳೆದ ಆಯುಧಪೂಜೆಗೆ ಕಂಬಿ ಹಾಕಿಸುತ್ತೇನೆಂದು ಯಜಮಾನರು ಮಾತು ಕೊಟ್ಟರು. ‘ಪೂಜೆ ದಿನ ನೋಡಯ್ಯ, ಮೆಟ್ಲು ಹೆಂಗ್ ಕಾಣ್ತದೆ ಅಂತ’ ಎಂದರು. ಮಾವ ಆ ದಿನ ಇಸ್ತ್ರಿ ಮಾಡಿದ ಷರಟು ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದರು. ನಾನೂ ಜೊತೆಗಿದ್ದೆ. ದೂರದಿಂದ ನೋಡಿದರೆ ಮೆಟ್ಟಿಲಿನ ಎರಡು ಕಡೆಯೂ ನಿಜವಾಗಿ ಏನೋ ನಿಂತಿತ್ತು. ಹತ್ತಿರ ಹೋದೆವು. ಕತ್ತರಿಸಿದ ಮೋಟು ಕಂಬಗಳಿಗೆ ಕೆಳಗಿನಿಂದ ಮೇಲಿನವರೆಗೆ ಬಾಳೆಕಂದು ಕಟ್ಟಿ, ನಡುನಡುವೆ ಮಾವಿನೆಲೆ, ಚೆಂಡುಹೂವಿನ ಹಾರ ಸುತ್ತಿದ್ದರು. ಕಟ್ಟಿದ್ದು ಸೆಣಬಿನ ಹಗ್ಗದಲ್ಲೂ ಅಲ್ಲ, ನನ್ನದೇ ಮಷೀನಿನ ಚೀಲ ಹೊಲಿಯುವ ನೂಲಿನಲ್ಲಿ.

ಮಾವ ಒಂದು ಕಂದನ್ನು ಬೆರಳಿನಿಂದ ತಳ್ಳಿ ನೋಡಿದರು. ಅದು ವಾಲಿತು.

‘ಶೆರಿ’ ಎಂದರು.

ಆ ದಿನ ಮಷೀನುಗಳು ನಿಂತಿದ್ದವು. ಎಲ್ಲಕ್ಕೂ ವಿಭೂತಿ, ಕುಂಕುಮ, ಹೂವು. ಚಿಕ್ಕತಾಯಮ್ಮಕ್ಕ ಬಿದ್ದ ಜಾಗವೆಂದು ಈ ಸಲ ಮೆಟ್ಟಿಲಿನ ಬುಡದಲ್ಲೂ ಒಂದು ಕುಂಬಳಕಾಯಿ ಒಡೆದರು. ಯಜಮಾನರು, ಪುರೋಹಿತರು ಮೇಲಿನ ಮಷೀನಿನ ಪೂಜೆಗೆ ಹತ್ತಿಹೋದರು. ನಾವು ಕಡ್ಲೆಪುರಿ ತಿನ್ನುತ್ತ ನಿಂತೆವು. ಮಾವ ಷರಟಿನ ತೋಳು ಮಡಚಿ ಕುಂಬಳಕಾಯಿ ಬಳಿಯತೊಡಗಿದರು. ಇನ್ನೂ ನೀರು ಹಾಕಿರಲಿಲ್ಲ, ಹೊಟ್ಟು ಚೆಲ್ಲಿರಲಿಲ್ಲ, ಅಷ್ಟರಲ್ಲಿ ಮೇಲಿನಿಂದ ಯಜಮಾನರ ದನಿ ಬಂತು.

‘ಉಸಾರಪ್ಪಾ, ಮಂಗಳಾರತಿ ತಟ್ಟೆ ಕೆಳಗೇ ಬುಟ್ಬಂದಿದೀವಿ. ಹಚ್ಕಂಡ್ ಬೇಗ ತಗಂಡ್ ಬಾ.’

ಕರ್ಪೂರ ಹತ್ತಿದ ಮೇಲೆ ತಡಮಾಡುವಂತಿಲ್ಲ, ಆರಿದರೆ ಅಪಶಕುನ. ಮಾವ ಬಲಗೈಯಲ್ಲಿ ತಟ್ಟೆ ಹಿಡಿದು ಹತ್ತಿದರು. ಅವರ ಪಾದಗಳ ತುಂಬ ಕುಂಬಳದ ಲೋಳೆ. ಬೇರೆ ಯಾರದೇ ಕಾಲಾಗಿದ್ದರೂ ಮೊದಲ ಮೆಟ್ಟಿಲಿನಲ್ಲೇ ತಡೆದು ಗೋಣಿಗೆ ಒರೆಸಿಕೊಂಡು ಹೋಗು ಎನ್ನುತ್ತಿದ್ದರು. ಎಲ್ಲರ ಕಾಲು ನೋಡುತ್ತಿದ್ದವರು ಅವರು. ಅವರ ಕಾಲು ನೋಡುವುದು ಯಾರ ಕೆಲಸವೂ ಆಗಿರಲಿಲ್ಲ.

ಮೇಲೆ ಮುಟ್ಟುವ ಹೊತ್ತಿಗೆ ಜಾರಿದರು. ತಟ್ಟೆ ಬಿಡಲಿಲ್ಲ. ಎಡಗೈ ಪಕ್ಕಕ್ಕೆ ಹೋಗಿ ಬಾಳೆಕಂದನ್ನು ಹಿಡಿಯಿತು.

ದೊಪ್ಪೆಂದು ಸದ್ದಾದಾಗ ನಾನು ಆ ಕಡೆ ಬೆನ್ನು ಹಾಕಿ, ಪುರಿಯ ಕಾಗದ ಮಡಚುತ್ತಿದ್ದೆ. ಮಷೀನುಗಳು ನಿಂತ ಮಿಲ್ಲಿನಲ್ಲಿ ಸದ್ದು ತುಂಬ ದೊಡ್ಡದಾಗಿ ಕೇಳಿಸಿತು. ‘ಏನದು?’ ಎಂದರು ಮೇಲಿನಿಂದ ಯಜಮಾನರು. ನಾವೆಲ್ಲ ಅಭ್ಯಾಸದಂತೆ ಇನ್ನೊಂದು ದನಿಗೆ ಕಾದೆವು. ಚಿಕ್ಕತಾಯಮ್ಮಕ್ಕ ಉತ್ತರ ಕೊಡಲು ಬಾಯಿ ತೆರೆದು ನಿಂತೇ ಇದ್ದಳು. ‘ಯಾರೂ?’ ಎಂದು ಯಾರೂ ಕೇಳಲಿಲ್ಲ. ಹಾಗೆ ಕೇಳದೆ ಇದ್ದದ್ದರಿಂದಲೇ ಬಿದ್ದವರು ಯಾರೆಂದು ನಮಗೆ ಗೊತ್ತಾಯಿತು.

ತಿರುಗಿ ನೋಡಿದರೆ ಮಾವ ಬಾಳೆಕಂದನ್ನು ಎದೆಗೆ ಅಪ್ಪಿಕೊಂಡು ಮಲಗಿದ್ದರು. ಹಾರ ಕತ್ತಿನ ಮೇಲೆ ಬಿದ್ದಿತ್ತು.

ಸೊಂಟವೂ ಬೆನ್ನೂ ಮುರಿದಿದ್ದವು. ಮೈಸೂರಿನ ಆಸ್ಪತ್ರೆಯ ಖರ್ಚೆಲ್ಲ ಯಜಮಾನರೇ ನೋಡಿಕೊಂಡರು. ಇನ್ನು ಎದ್ದು ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಎನ್. ಬೇಗೂರಿನ ಮನೆಗೆ ಕಳಿಸಿಕೊಟ್ಟದ್ದೂ ಅವರ ವ್ಯಾನಿನಲ್ಲೇ. ಮಿಲ್ಲಿನಲ್ಲಿ ಮಾತು ಒಂದೇ. ‘ಅಷ್ಟೊಂದ್ ಕುಂಬಳಕಾಯಿ ಬಳಿದವ್ನು ಇನ್ನೇನಾದಾನು? ನಮ್ಮೆಲ್ಲಾರ್ದೂ ಅವನ್ಗೇ ಓಯ್ತು.’ ಹೇಳುವಾಗ ಎಲ್ಲರ ಕಣ್ಣೂ ಒದ್ದೆಯಾಗುತ್ತಿತ್ತು. ಮೆಟ್ಟಿಲಿನ ಕಡೆ ಯಾರೂ ತಿರುಗುತ್ತಿರಲಿಲ್ಲ. ನಾನು ಯಜಮಾನರ ಹತ್ತಿರ ಹೋಗಿ ಕಂಬಿಯ ಮಾತೆತ್ತಿದೆ. ಆದರೆ ನನ್ನ ಬಾಯಿಯಿಂದ ಬಂದ ಮಾತು ಯಾವುದನ್ನು ಜನ ನಂಬಿದ್ದಾರೆ? ‘ಉಸಾರಪ್ಪನ್ ತರಾನೇ ಮಾಡ್ತೀಯ ಕಣ್ಲಾ, ತಥ್’ ಎಂದು ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಸಂಕ್ರಾಂತಿ ಕಳೆದ ಮೇಲೆ ನೋಡಲು ಹೋದೆ. ಹುಣಸೂರಿನಲ್ಲಿ ಬಸ್ಸು ಬದಲಿಸಿ, ಹ್ಯಾಂಡ್‌ಪೋಸ್ಟಿನಲ್ಲಿ ಬಾಳೆಹಣ್ಣು ಕೊಂಡು, ಬಾಳೆಹಣ್ಣು ಯಾಕಾದರೂ ಕೊಂಡೆನೋ ಎಂದು ಬೈದುಕೊಂಡು, ಇನ್ನೊಂದು ಬಸ್ಸು ಹತ್ತಿ ಎನ್. ಬೇಗೂರು ಮುಟ್ಟಿದೆ. ಅವರ ಜಗಲಿಯನ್ನು ಆಗಷ್ಟೇ ತೊಳೆದಿದ್ದರು. ಚೀಲ ಕೈಜಾರಿ ದೊಪ್ಪೆಂದಿತು.

‘ಯಾರೂ?’ ಎಂದು ಒಳಗಿನಿಂದ ದನಿ ಬಂತು.

‘ಯಾರೂ ಇಲ್ಲ ಮಾವ, ಬ್ಯಾಗು.’

‘ಶೆರಿ. ಒದ್ದೆ ಅದೆ, ಉಸಾರಾಗ್ ಬಾ.’

‘ಮಲಗ್ದಲ್ಲೇ ಇಂಗೆ ಕೂಗ್ತಾರೆ ಕಣಪ್ಪ. ಪಾತ್ರೆ ಬಿದ್ರೂ ಯಾರು ಅಂತಾರೆ’ ಎಂದರು ಅವರ ಹೆಂಡತಿ.

ಮಾವ ಮಂಚದಲ್ಲಿ ಚಪ್ಪಟೆಯಾಗಿದ್ದರು. ಮೊದಲ ಸಲ ಅವರ ಕತ್ತು ನೆಟ್ಟಗಿತ್ತು, ಸೂರು ನೋಡುತ್ತಿತ್ತು. ನಾನು ಮಿಲ್ಲಿನವರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದು ತೋರಿಸಿದೆ. ಚಿಕ್ಕತಾಯಮ್ಮಕ್ಕನ ಬೈಗುಳಕ್ಕೆ ನಕ್ಕರು. ನಕ್ಕರೆ ನೋವಾಗುತ್ತದೆಂದು ಕೈ ಎತ್ತಿ ನಿಲ್ಲಿಸಿದರು. ಆಮೇಲೆ ಕೇಳಿದರು.

‘ಕಂಬಿ ಆಕ್ಸಿದ್ರಾ?’

ಇಲ್ಲ ಎನ್ನಲು ನನ್ನಿಂದ ಆಗಲಿಲ್ಲ. ಯಜಮಾನರ ದನಿ ತೆಗೆದೆ. ‘ಏನಯ್ಯಾ ಉಸಾರಪ್ಪ, ಆಕ್ಸಿವ್ನಿ ಕಣಯ್ಯ ನಿನ್ ಕಂಬೀನ!’ ಎಂದೆ. ವೆಲ್ಡಿಂಗ್ ಮಾಡುವ ಚರ್ರ್ ಸದ್ದು ಹಲ್ಲುಗಳ ನಡುವಿನಿಂದ ತೆಗೆದೆ. ಮುರಿದ ಹಲ್ಲು ಆ ಹೊತ್ತಿಗೆ ಚೆನ್ನಾಗಿ ಉಪಯೋಗಕ್ಕೆ ಬಂತು. ಸುತ್ತಿಗೆಯಿಂದ ಕುಟ್ಟಿದೆ, ಠಣ್ ಠಣ್. ಚಿಕ್ಕತಾಯಮ್ಮಕ್ಕ ಕಂಬಿ ಹಿಡಿದು ಹತ್ತುತ್ತ ಬಳೆ ತಾಗಿಸುವ ಸದ್ದನ್ನೂ ಮಾಡಿದೆ. ಅವರ ಹೆಂಡತಿ ಲೋಟ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಿದ್ದರು. ಅಷ್ಟು ಚೆನ್ನಾಗಿ ನಾನು ಯಾವ ಗಣಪತಿಯ ಮುಂದೆಯೂ ಮಾಡಿಲ್ಲ.

‘ಎಲ್ಡು ಕಡೀಕೂ?’

ಎರಡು ಎಂದರೆ ಯಜಮಾನರನ್ನು ಬಲ್ಲ ಇವರು ನಂಬುವುದಿಲ್ಲ ಎನ್ನಿಸಿತು. ‘ಒಂದೇ ಕಡೀಕೆ ಮಾವ’ ಎಂದೆ.

‘ಯಾವ ಕಡೀಕೆ?’

‘ಬಲಗಡೀಕೆ.’

ಬಾಯಿಯಿಂದ ಹೊರಟ ಮೇಲೆ ಗೊತ್ತಾಯಿತು. ವರ್ಷಗಟ್ಟಲೆ ಅವರ ದನಿಯಲ್ಲಿ ಕೂಗಿದವನು ನಾನು. ಅವರು ಕೇಳಿದ್ದ ಒಂದೇ ಒಂದನ್ನು ಸುಳ್ಳಿನಲ್ಲೂ ಸರಿಯಾಗಿ ಹಾಕಿಸಲು ನನ್ನಿಂದ ಆಗಲಿಲ್ಲ.

ಮಾವ ಸೂರನ್ನೇ ನೋಡುತ್ತಿದ್ದರು. ಎಡಗೈ ಹೊದಿಕೆಯ ಮೇಲೆ ಒಮ್ಮೆ ತೆರೆದು ಮುಚ್ಚಿತು.

‘ಎಡಗಡೀಕ್ ಆಕ್ಬೇಕಿತ್ತು’ ಎಂದರು. ‘ಏಳಿದ್ನಲ್ಲ. ಬಲಗೈಲಿ ಚೀಲದ ಕಟ್ಟು ಇರ್ತದೆ. ಯಾವನ್ಲಾ ಬಲಗಡೀಕ್ ಆಕ್ದೋನು?’

‘ಯಜಮಾನ್ರಿಗೆ ಏಳಿ ಬದಲಾಯಿಸ್ತೀನಿ ಮಾವ.’

‘ಒಂದ್ಸಲ ಆಕಿದ್ಮ್ಯಾಲೆ ಇನ್ಯಾರ್ ಬದಲಾಯಿಸ್ತಾರೆ ಬುಡು.’

ಆಮೇಲೆ ಏನು ಮಾಡಿದರೂ ಅವರು ನಗಲಿಲ್ಲ. ಕಡೆಯ ಬಸ್ಸು ಹೋಗುತ್ತದೆಂದು ಅವರೇ ಎಬ್ಬಿಸಿ ಕಳಿಸಿದರು. ಜಗಲಿ ಒಣಗಿತ್ತು. ಆದರೂ ‘ಉಸಾರು’ ಎಂದರು.

ಯುಗಾದಿ ಕಳೆದು ಈಗ ಫೋನು ಬಂತು. ಮಣ್ಣಿಗೆ ಹೋಗಿ ಬಂದೆವು. ಯಜಮಾನರೂ ಬಂದಿದ್ದರು, ಎಲ್ಲರಿಗಿಂತ ಜಾಸ್ತಿ ಅತ್ತರು. ವಾಪಸು ಬಂದವರೇ, ‘ನಮ್ ಮಿಲ್ಲಿನ ದೃಷ್ಟಿ ಇನ್ನೂ ಬುಟ್ಟಿಲ್ಲ ಕಣ್ರಯ್ಯಾ’ ಎಂದು ಹಿಂದಿನ ಬಳ್ಳಿಯಿಂದ ಒಂದು ಕಾಯಿ ಕೊಯ್ಯಿಸಿ ಬಾಗಿಲಲ್ಲಿ ಒಡೆಸಿದರು.

ಇವತ್ತು ಬೆಳಗ್ಗೆ ಅದು ಹಾಗೇ ಬಿದ್ದಿತ್ತು. ಮೂಟೆ ಹೊತ್ತವರು ಬಾಗಿಲ ಹತ್ತಿರ ಬಂದು, ಕಾಲಿನಿಂದ ತಡಕಿ, ಕಪ್ಪೆಯ ಹಾಗೆ ಅಗಲವಾಗಿ ಹೆಜ್ಜೆ ಹಾಕಿ ದಾಟುತ್ತಿದ್ದರು. ಒಬ್ಬೊಬ್ಬರದೂ ಒಂದೊಂದು ಬಗೆ. ಬೇರೆ ದಿನವಾಗಿದ್ದರೆ ಸಂಜೆಯೊಳಗೆ ಎಲ್ಲರನ್ನೂ ಮಾಡಿ ತೋರಿಸುತ್ತಿದ್ದೆ. ತಗಡಿನ ಚೂರು ಗೋಡೆಯ ಸಂದಿಯಲ್ಲೇ ಇತ್ತು. ಕೈಗೆ ತೆಗೆದುಕೊಂಡೆ. ‘ಮುಟ್ಬ್ಯಾಡ ಕಣ್ಲಾ, ನಿಂಗೆ ಮದ್ವೆ ಬೇರೆ ಆಗಿಲ್ಲ’ ಎಂದು ನಾಲ್ಕು ಕಡೆಯಿಂದ ಕೂಗಿದರು. ನಾನು ಇಂಥದನ್ನೆಲ್ಲ ನಂಬುವವನಲ್ಲ. ಆದರೂ ತಗಡನ್ನು ಇಟ್ಟ ಕಡೆಯೇ ಇಟ್ಟುಬಿಟ್ಟೆ. ಕಪ್ಪೆಯ ಹಾಗೆ ನಾನೂ ದಾಟಿದೆ.

ಮಷೀನಿನ ಮುಂದೆ ಕೂತು ಎರಡು ಚೀಲ ಹೊಲಿದಿರಬೇಕು, ಎಲ್ಲೋ ದೊಪ್ಪೆಂದು ಸದ್ದಾಯಿತು.

‘ಏನದು?’ ಎಂದು ಆಫೀಸಿನಿಂದ ಯಜಮಾನರು ಕೇಳಿದರು.

ನನ್ನ ಬಾಯಿ ನನ್ನನ್ನು ಕೇಳಲೇ ಇಲ್ಲ. ‘ಯಾರೂ?’ ಎಂದಿತು, ಅವರ ದನಿಯಲ್ಲಿ, ಅವರು ಎಳೆಯುತ್ತಿದ್ದಷ್ಟೇ ಎಳೆದು, ಬಾಯ್ಲರಿನವರೆಗೂ ಕೇಳುವಂತೆ.

ಮೂಟೆ ಹೊತ್ತವರು ಹೊತ್ತ ಹಾಗೇ ನಿಂತರು. ಯಾರೂ ನಗಲಿಲ್ಲ. ಮೇಲಂತಸ್ತಿನಲ್ಲಿ ಪೊರಕೆಯ ಸದ್ದು ನಿಂತಿತು. ಚಿಕ್ಕತಾಯಮ್ಮಕ್ಕ ಮೆಟ್ಟಿಲಿನ ತುದಿಗೆ ಬಂದಳು. ಹಿಡಿದುಕೊಳ್ಳಲು ಏನೂ ಇಲ್ಲದೆ ಎರಡು ಕೈಯನ್ನೂ ಪೊರಕೆಗೆ ಕೊಟ್ಟು, ಬಗ್ಗಿ ಕೆಳಗೆ ನೋಡಿದಳು.

‘ಯಾರೂ ಇಲ್ಲ ಕಣಣ್ಣಯ್ಯೋ’ ಎಂದಳು. ‘ಮೂಟೆ.’

ಈಗ ‘ಶೆರಿ’ ಎನ್ನಬೇಕಿತ್ತು. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು. ಅದೊಂದು ಮಾತ್ರ ನನ್ನ ಬಾಯಿಯಿಂದ ಬರಲಿಲ್ಲ.